ಪುಕ್ಕಟೆ ಇಂಟರ್‌ನೆಟ್ಟನ್ನು ಬೇಡವೆಂದದ್ದೇಕೆ?

2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಹೊಸ ದರಪಟ್ಟಿಯೊಂದನ್ನು ಪ್ರಕಟಿಸಿತು. ಸ್ಕೈಪ್, ವೈಬರ್‌ನಂಥ ಆ್ಯಪ್‌ಗಳಲ್ಲಿ ಮಾತಾಡುವವರು ಇನ್ನು ಮುಂದೆ ಅದಕ್ಕೇ ಬೇರೆ ದುಡ್ಡು ತೆರಬೇಕು ಎಂಬುದು ಅದರ ಸಾರ. ಡೇಟಾ ಪ್ಯಾಕಿಗೆ ಆಗಲೇ ಹಣ ಕೊಟ್ಟಾಗಿದೆ. ಅದರಲ್ಲಿ ನಾನು ಪೇಪರ್ ಓದಿದರೇನು, ದುಬೈಯಲ್ಲಿರುವ ಮಗನ ಜೊತೆ ಮಾತಾಡಿದರೇನು? ಜನ ಹೀಗೆ ತಿರುಗಿ ಕೇಳಿದ್ದೇ, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು.

ಕಂಪನಿಯ ಸಂಕಟ ಅರ್ಥವಾಗದ್ದೇನಲ್ಲ. ಆ್ಯಪ್ ಕರೆಗಳು ಹೆಚ್ಚಿದಷ್ಟೂ ಅದರ ಸ್ವಂತ ಕರೆಗಳ ವ್ಯಾಪಾರ ಇಳಿಯುತ್ತದೆ. ತೊಡಕಿರುವುದೂ ಇಲ್ಲೇ. ದಾರಿ ಯಾರ ಕೈಯಲ್ಲಿದೆಯೋ ಅವರದ್ದೇ ಒಂದು ಅಂಗಡಿಯೂ ಆ ದಾರಿಯಲ್ಲಿದೆ. ಯಾವ ಆ್ಯಪ್‌ನ ಮಾಹಿತಿ ಹಾದುಹೋಗುತ್ತಿದೆ ಎಂಬುದನ್ನು ಟೆಲಿಕಾಂ ಕಂಪನಿಯ ಯಂತ್ರಗಳು ಬಹುಮಟ್ಟಿಗೆ ಗುರುತಿಸಬಲ್ಲವು. ಗುರುತಿಸಿದ ಮೇಲೆ ಅದನ್ನು ತಡೆಯಬಹುದು, ನಿಧಾನ ಮಾಡಬಹುದು, ದುಬಾರಿ ಮಾಡಬಹುದು. ಈ ಮೂರೂ ಕೂಡದು ಎಂಬ ತತ್ವಕ್ಕೆ ಟಿಮ್ ವೂ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು 2003ರಲ್ಲಿ ನೆಟ್ ನ್ಯೂಟ್ರಾಲಿಟಿ ಎಂದು ಹೆಸರಿಟ್ಟರು. ಕರೆಂಟಿನಲ್ಲಿ ಮನೆಗೊಂದು ದರ, ಪಂಪ್‌ಸೆಟ್ಟಿಗೊಂದು ದರ ಇದೆ, ನಿಜ. ಆದರೆ ಪಂಪು ಯಾವ ಕಂಪನಿಯದೆಂದು ಲೈನ್‌ಮ್ಯಾನ್ ಕೇಳುವುದಿಲ್ಲ.

ದುಬಾರಿ ಮಾಡಿದರೆ ಜನ ರೇಗುತ್ತಾರೆ. ಪುಕ್ಕಟೆ ಕೊಟ್ಟರೆ? 2015ರ ಫೆಬ್ರವರಿಯಲ್ಲಿ ಫೇಸ್‌ಬುಕ್, ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಒಂದು ಸೇವೆ ತಂದಿತು. ಆಯ್ದ ಕೆಲವು ತಾಣಗಳನ್ನು ಡೇಟಾ ಖರ್ಚಿಲ್ಲದೆ ನೋಡಬಹುದಿತ್ತು. ಮುಂದೆ ಅದರ ಹೆಸರು ಫ್ರೀ ಬೇಸಿಕ್ಸ್ ಎಂದಾಯಿತು. ಏನೂ ಇಲ್ಲದ ಬಡವರಿಗೆ ಇಷ್ಟಾದರೂ ಸಿಗಲಿ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಬಡವರು ಏನು ನೋಡಬೇಕೆಂಬ ಷರತ್ತುಗಳನ್ನು ಬರೆಯುತ್ತಿದ್ದದ್ದು ಫೇಸ್‌ಬುಕ್. ವಿಡಿಯೊಗೂ ಇಂಟರ್‌ನೆಟ್ ಕರೆಗೂ ಅಲ್ಲಿ ಜಾಗವಿರಲಿಲ್ಲ.

ಅದೇ ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೊ ಬಂತು. ಇಲ್ಲಿ ಆ್ಯಪ್ ಕಂಪನಿ ಹಣ ಕಟ್ಟಿದರೆ ಗ್ರಾಹಕನಿಗೆ ಆ ಆ್ಯಪ್ ಉಚಿತ. ಅದಕ್ಕೆ ಸೇರಲು ಮಾತುಕತೆ ನಡೆಸಿದ್ದ ಫ್ಲಿಪ್‌ಕಾರ್ಟ್, ಜನರ ಸಿಟ್ಟು ಕಂಡು ಹೊರಬಂತು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಗೆಳೆಯರು ಪುಸ್ತಕ ಮಾರಲು ಶುರುಮಾಡಿದ ಕಂಪನಿ ಅದು. ಆ ಹೊತ್ತಿಗೆ ದೊಡ್ಡ ಅಂಗಡಿಯೊಂದರ ತಾಣ ಪುಕ್ಕಟೆಯಾಗಿದ್ದು, ಇವರ ತಾಣಕ್ಕೆ ಮಾತ್ರ ಡೇಟಾ ಖರ್ಚಾಗುತ್ತಿದ್ದರೆ ಇವರ ಹೆಸರು ನಮಗೆ ಗೊತ್ತಾಗುತ್ತಿತ್ತೇ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಬಂದವು. 2016ರ ಫೆಬ್ರವರಿ 8ರಂದು ಅದು ನಿಯಮ ಹೊರಡಿಸಿತು: ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಾಗಕೂಡದು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ತುರ್ತುಸೇವೆಗೆ ಮಾತ್ರ ವಿನಾಯಿತಿ. ಮೂರೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು.

ಬಡವರ ಗತಿ? ಅದೇ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ದರ ಸಮರದಲ್ಲಿ ಡೇಟಾ ಬೆಲೆ ಪಾತಾಳಕ್ಕಿಳಿಯಿತು. ಆ ಸಮರದಲ್ಲಿ ಹಲವು ಟೆಲಿಕಾಂ ಕಂಪನಿಗಳು ಮುಳುಗಿದ್ದು ಬೇರೆಯೇ ಕಥೆ. ಹಳ್ಳಿಯ ಕೈಗೆ ಬಂದದ್ದು ಮಾತ್ರ ಆಯ್ದ ತಾಣಗಳ ಕಟ್ಟಲ್ಲ, ಇಡೀ ಇಂಟರ್‌ನೆಟ್.

ತಡೆಯುವುದನ್ನೂ ನಿಧಾನ ಮಾಡುವುದನ್ನೂ 2018ರಲ್ಲಿ ಟೆಲಿಕಾಂ ಲೈಸೆನ್ಸಿನ ಷರತ್ತುಗಳಲ್ಲೇ ನಿಷೇಧಿಸಲಾಯಿತು. ಅಮೆರಿಕದಲ್ಲಿ 2015ರಲ್ಲಿ ತಂದ ಇಂಥದೇ ನಿಯಮವನ್ನು 2017ರಲ್ಲಿ ಕಿತ್ತುಹಾಕಿದರು, 2024ರಲ್ಲಿ ಮತ್ತೆ ತಂದರು. ಅಲ್ಲಿನ ಸಂವಹನ ಆಯೋಗಕ್ಕೆ ಆ ಅಧಿಕಾರವನ್ನು ಕಾಯ್ದೆ ಕೊಟ್ಟಿಲ್ಲವೆಂದು 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ನಮ್ಮಲ್ಲೂ ಈ ತತ್ವ ನಿಂತಿರುವುದು ಟ್ರಾಯ್ ನಿಯಮ ಮತ್ತು ಲೈಸೆನ್ಸ್ ಷರತ್ತುಗಳ ಮೇಲೆ. ಸಂಸತ್ತು ಒಪ್ಪಿದ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆಂದು ಪ್ರತ್ಯೇಕ ಕಲಂ ಇಲ್ಲ.