ವಲಸೆ ಬಂದವರು ಕನ್ನಡ ಕಲಿಯಲೇಬೇಕೆ? ಆರು ತಪ್ಪು ಕಲ್ಪನೆ, ಆರು ಸತ್ಯ

ವಿಜಯಪುರದ ಗಾಂಧಿ ಚೌಕದ ಚಹಾ ಅಂಗಡಿಯಲ್ಲಿ ಈ ಮಾತು ಎತ್ತಿ ನೋಡಿ, ಕೂಡಲೇ ಎರಡು ಗುಂಪಾಗುತ್ತದೆ. "ನಮ್ಮೂರಿಗಿ ಬಂದ ಮ್ಯಾಲ ನಮ್ಮ ಭಾಷಾ ಕಲೀಬೇಕಲ್ರಿ" ಎನ್ನುವವರು ಒಂದು ಕಡೆ. "ದುಡ್ಯಾಕ ಬಂದಾರ, ಪಾಪ, ಅವರ ಪಾಡಿಗಿ ಬಿಡ್ರಿ" ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯ ವಾದದಲ್ಲಿ ನ್ಯಾಯವಿದೆ, ತಪ್ಪು ತಿಳಿವಳಿಕೆಯೂ ಇದೆ.

ಕಲ್ಪನೆ 1: ಹಿಂದಿ ರಾಷ್ಟ್ರಭಾಷೆ, ಅದು ಬಂದರೆ ಸಾಕು.

ಸತ್ಯ: ಭಾರತಕ್ಕೆ ರಾಷ್ಟ್ರಭಾಷೆ ಎಂಬುದೇ ಇಲ್ಲ. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಕೇಂದ್ರ ಸರ್ಕಾರದ ಆಡಳಿತ ಭಾಷೆ ಎನ್ನುತ್ತದೆ, ಅಷ್ಟೇ. ಹಿಂದಿಯನ್ನು ರಾಷ್ಟ್ರಭಾಷೆ ಎಂದು ಘೋಷಿಸಿದ ಯಾವ ದಾಖಲೆಯೂ ಇಲ್ಲವೆಂದು ಗುಜರಾತ್ ಹೈಕೋರ್ಟ್ 2010ರಲ್ಲಿ ಹೇಳಿತು. ರಾಜ್ಯದ ಆಡಳಿತ ಭಾಷೆಯನ್ನು ಆಯಾ ವಿಧಾನಮಂಡಲವೇ ನಿರ್ಧರಿಸಬಹುದು. ಹಾಗಾಗಿ 1963ರ ಅಧಿನಿಯಮದಂತೆ ಕರ್ನಾಟಕದ ಆಡಳಿತ ಭಾಷೆ ಕನ್ನಡ. ತಿಕೋಟಾದ ತಹಶೀಲ್ದಾರ್ ಕಚೇರಿಯ ಕಡತ ಓದಬೇಕಾದವರಿಗೆ ಹಿಂದಿಯಿಂದ ಉಪಯೋಗವಿಲ್ಲ.

ಕಲ್ಪನೆ 2: ಕನ್ನಡ ಕಲಿಯದವರು ಕಾನೂನು ಮುರಿದಂತೆ.

ಸತ್ಯ: ದೇಶದೊಳಗೆ ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದಕ್ಕೆ ಭಾಷೆಯ ಪರೀಕ್ಷೆಯಿಲ್ಲ. ಕಾನೂನಿನ ಕಡ್ಡಾಯ ಇರುವುದು ಬೇರೆ ಕಡೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಲು ಹೇಳುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಈ ನಿಯಮಗಳು ಬಂದಿರುವುದು ಶಾಲೆಗೆ, ಅಂಗಡಿಯ ಫಲಕಕ್ಕೆ. ಗಾರೆ ಕೆಲಸಕ್ಕೆ ಬಂದವನ ನಾಲಿಗೆಗೆ ಅಲ್ಲ. ಕನ್ನಡ ಬರಲಿಲ್ಲವೆಂದು ಅವನ ಮೇಲೆ ಕೈಮಾಡಿದವನೇ ಕಾನೂನಿನ ಕಣ್ಣಿನಲ್ಲಿ ಅಪರಾಧಿ.

ಕಲ್ಪನೆ 3: ಮನೆಯಲ್ಲಿ ಕನ್ನಡ ಆಡದವರೆಲ್ಲ ಹೊರಗಿನವರು.

ಸತ್ಯ: ವಿಜಯಪುರದ ಮಟ್ಟಿಗೆ ಇದು ದೊಡ್ಡ ತಪ್ಪು. ಇಲ್ಲಿನ ಸಾವಿರಾರು ಮನೆಗಳ ದಖನಿ ಉರ್ದು ಇದೇ ನೆಲದಲ್ಲಿ ಬೆಳೆದದ್ದು. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 'ಕಿತಾಬ್-ಎ-ನೌರಸ್' ಬರೆದದ್ದು ದಖನಿಯಲ್ಲಿ. ಆದಿಲ್‌ಶಾಹಿ ಆಸ್ಥಾನಕ್ಕೆ ಇರಾನಿನಿಂದ ಬಂದವರು ಕಡಿಮೆಯಿರಲಿಲ್ಲ. ಆದರೂ ಒಂದನೇ ಇಬ್ರಾಹಿಂ 16ನೇ ಶತಮಾನದಲ್ಲೇ ಕಂದಾಯ ಲೆಕ್ಕಪತ್ರವನ್ನು ಪರ್ಷಿಯನ್‌ನಿಂದ ಇಲ್ಲಿನ ಜನರ ಭಾಷೆಗೆ ತಂದನು. ಹೊರಗಿನಿಂದ ಬಂದ ಅರಸುಮನೆತನವೇ ಊರಿನ ಮಾತಿಗೆ ಹೊಂದಿಕೊಂಡ ಚರಿತ್ರೆ ಇದು.

ಲಂಬಾಣಿ ತಾಂಡಾಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಜನಗಣತಿಯು ಲಂಬಾಣಿ ಮಾತನ್ನು 'ಹಿಂದಿ' ಶೀರ್ಷಿಕೆಯಡಿ ಸೇರಿಸುತ್ತದೆ. 2011ರಲ್ಲಿ ದೇಶದಾದ್ಯಂತ ಹೀಗೆ ಸೇರಿದವರು 32 ಲಕ್ಷಕ್ಕೂ ಹೆಚ್ಚು. ತಾಂಡಾಗಳು ದಟ್ಟವಾಗಿರುವ ಜಿಲ್ಲೆಯ ಅಂಕಿಅಂಶದಲ್ಲಿ ಹಿಂದಿಯ ಪಾಲು ಹೆಚ್ಚು ಕಂಡರೆ ಅದನ್ನು ಉತ್ತರದ ವಲಸೆ ಎಂದು ಓದಬಾರದು. ಅದರಲ್ಲಿ ತಲೆಮಾರುಗಳಿಂದ ಇಲ್ಲೇ ಬಾಳಿ, ಸಂತೆಯಲ್ಲಿ ಸಲೀಸಾಗಿ ಕನ್ನಡ ಆಡುವವರಿದ್ದಾರೆ.

ಗಡಿಯ ಆಚೆಗೂ ಇದೇ ಮಾತು ಸಲ್ಲುತ್ತದೆ. ತಿಕೋಟಾ ತಾಲ್ಲೂಕಿನ ಕನಮಡಿ ದಾಟಿದರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಅಲ್ಲಿನ ಕನ್ನಡಿಗರು ಎಲ್ಲಿಂದಲೋ ವಲಸೆ ಹೋದವರಲ್ಲ, ರಾಜ್ಯದ ಗಡಿರೇಖೆ ಅವರ ಊರುಗಳನ್ನು ಆಚೆ ಉಳಿಸಿತು. ಭಾಷಾ ಅಲ್ಪಸಂಖ್ಯಾತರು ಬೇರೆ, ವಲಸಿಗರು ಬೇರೆ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯುವುದು ಅನ್ಯಾಯ.

ಕಲ್ಪನೆ 4: ಮನಸ್ಸಿಲ್ಲ, ಅದಕ್ಕೇ ಕಲಿಯುವುದಿಲ್ಲ. ಕಡ್ಡಾಯ ಮಾಡಿದರೆ ತಾವೇ ಕಲಿಯುತ್ತಾರೆ.

ಸತ್ಯ: ಮನಸ್ಸು ಬೇಕು, ನಿಜ. ಅದಕ್ಕಿಂತ ಮೊದಲು ಕಿವಿಗೆ ಭಾಷೆ ಬೀಳಬೇಕು. ಹೊರರಾಜ್ಯದ ಕಟ್ಟಡ ಕಾರ್ಮಿಕ ತಗಡಿನ ಶೆಡ್‌ನಲ್ಲಿ ತನ್ನೂರಿನವರ ಜೊತೆ ಮಲಗುತ್ತಾನೆ. ಕೆಲಸ ಹೇಳುವ ಮೇಸ್ತ್ರಿಯೂ ಅವನ ಊರಿನವನೇ. ದಿನವಿಡೀ ದುಡಿದರೂ ಅವನಿಗೆ ನಾಲ್ಕು ಕನ್ನಡ ಮಾತು ಕೇಳಿಸುವುದು ಕಿರಾಣಿ ಅಂಗಡಿಯಲ್ಲಿ ಮಾತ್ರ.

ಭಾಷೆ ಬೇಕೆನಿಸಿದಾಗ ಯಾರೂ ಹೇಳದೆ ಕಲಿಯುತ್ತಾರೆ ಎನ್ನುವುದಕ್ಕೆ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರೇ ಸಾಕ್ಷಿ. ನಾಲ್ಕು ಕಿಲೋ ಹಣ್ಣು ಒಣಗಿಸಿದರೆ ಬರುವುದು ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಅದನ್ನು ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಒಯ್ದಾಗ ಲಿಲಾವು, ದರ, ತೂಕ ಎಲ್ಲವೂ ಮರಾಠಿಯಲ್ಲಿ. ಬೆಳೆಗಾರ ಅಲ್ಲಿ ನಿಂತು ಮರಾಠಿ ಕಲಿತ. ಬರಗಾಲದಲ್ಲಿ ಗೋವಾದ ವಾಸ್ಕೋಗೆ ದುಡಿಯಲು ಹೋದ ಈ ಜಿಲ್ಲೆಯವರು ಕೊಂಕಣಿ ಕಲಿತದ್ದೂ ಹೀಗೆಯೇ.

ಬಳಕೆಯ ಅವಕಾಶ ಇಲ್ಲದ ಕಡೆ ತರಗತಿ ಬೇಕಾಗುತ್ತದೆ. ಜರ್ಮನಿ 2005ರಿಂದ ವಲಸಿಗರಿಗೆ ಸಾಮಾನ್ಯವಾಗಿ 600 ಗಂಟೆಗಳ ಭಾಷಾ ಪಾಠ ಏರ್ಪಡಿಸುತ್ತಿದೆ. ನೆದರ್‌ಲ್ಯಾಂಡ್ಸ್ 2013ರಲ್ಲಿ ಪರೀಕ್ಷೆಯನ್ನು ಕಡ್ಡಾಯವಾಗಿಯೇ ಉಳಿಸಿ, ಪಾಠ ಹುಡುಕಿಕೊಳ್ಳುವ ಹೊಣೆಯನ್ನೂ ಖರ್ಚನ್ನೂ ವಲಸಿಗರ ಮೇಲೆ ಹಾಕಿತು. ತೇರ್ಗಡೆಯಾಗುವವರು ಕಡಿಮೆಯಾದರು. 2022ರಲ್ಲಿ ಆ ಹೊಣೆ ಮತ್ತೆ ನಗರಸಭೆಗಳಿಗೆ ಬಂತು. ಕಲಿಸುವ ವ್ಯವಸ್ಥೆ ಮಾಡದೆ ಪರೀಕ್ಷೆ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಈ ಉದಾಹರಣೆ ಸಾಕು.

ಕಲ್ಪನೆ 5: ಕಲಿಯಬೇಕು ಎಂದರೆ ಎಲ್ಲರೂ ಒಂದೇ ಮಟ್ಟದಲ್ಲಿ ಕಲಿಯಬೇಕು.

ಸತ್ಯ: ಇಟ್ಟಿಗೆ ಹೊರುವವನಿಗೆ ಕನ್ನಡ ಬಾರದಿದ್ದರೆ ಕಷ್ಟ ಅವನಿಗೆ. ವೈದ್ಯನಿಗೆ, ಬ್ಯಾಂಕಿನವರಿಗೆ ಬಾರದಿದ್ದರೆ ಕಷ್ಟ ಊರಿಗೆಲ್ಲ. ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಹೊರರಾಜ್ಯದ ವಿದ್ಯಾರ್ಥಿಗಳೂ ಬರುತ್ತಾರೆ. ಬಬಲೇಶ್ವರ ಕಡೆಯ ಅಜ್ಜಿ "ದಮ್ಮ ಹತ್ತತೈತಿ, ಕಣ್ಣಿಗಿ ಕತ್ತಲಿ ಬರತೈತಿ, ಎದಿಯಾಗ ಹಿಡದಂಗ ಆಗತೈತಿ" ಎಂದಾಗ ಹೃದಯದ ತೊಂದರೆಯ ಮೂರು ಸುಳಿವು ಒಂದೇ ಉಸಿರಿನಲ್ಲಿ ಸಿಕ್ಕವು. ಅದು ಅರ್ಥವಾಗದ ಕಿರಿಯ ವೈದ್ಯ ಅಮೂಲ್ಯ ನಿಮಿಷಗಳನ್ನು ಕಳೆದುಕೊಳ್ಳುತ್ತಾನೆ. ಎಂಬಿಬಿಎಸ್‌ನ ಮೊದಲ ವರ್ಷದ ಬುನಾದಿ ಕೋರ್ಸಿನಲ್ಲಿ 2019ರಿಂದ ಸ್ಥಳೀಯ ಭಾಷೆ ಸೇರಿರುವುದು ಈ ಕಾರಣಕ್ಕೇ. ಆದರೆ ಪಠ್ಯದ ಕನ್ನಡವಷ್ಟೇ ಸಾಲದು, ಈ ಭಾಗದ ಆಡುಮಾತನ್ನೂ ಕಲಿಸಬೇಕು.

ಬ್ಯಾಂಕುಗಳಲ್ಲಿಯೂ ಅಷ್ಟೇ. ಸಾರ್ವಜನಿಕ ಬ್ಯಾಂಕುಗಳ ಕ್ಲರ್ಕ್ ನೇಮಕಾತಿಗೆ ಸ್ಥಳೀಯ ಭಾಷಾ ಜ್ಞಾನ ಬೇಕು, ಆದರೆ ದೇಶದ ಯಾವ ಮೂಲೆಗಾದರೂ ವರ್ಗವಾಗುವ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಆ ಷರತ್ತಿಲ್ಲ. ಕನ್ನಡ ಮಾತನಾಡಲು ಒಪ್ಪದ ಬ್ಯಾಂಕ್ ಮ್ಯಾನೇಜರ್ ಒಬ್ಬರ ವಿಡಿಯೊ 2025ರ ಮೇ ತಿಂಗಳಲ್ಲಿ ರಾಜ್ಯದಲ್ಲೆಲ್ಲ ಸುದ್ದಿಯಾಗಿ, ಅವರ ವರ್ಗಾವಣೆಯಾಯಿತು. ಒಬ್ಬರ ವರ್ಗಾವಣೆಯಿಂದ ಈ ಕೊರತೆ ತುಂಬುವುದಿಲ್ಲ. ನಿಯಮವೇ ಬದಲಾಗಬೇಕು.

ಕಲ್ಪನೆ 6: ಕನ್ನಡ ಕಲಿತರೆ ಮನೆಮಾತು ಹೋಗುತ್ತದೆ.

ಸತ್ಯ: ಮನೆಮಾತು ಹೋಗುವುದು ಮನೆಯಲ್ಲಿ ಆಡುವುದನ್ನು ಬಿಟ್ಟಾಗ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ವಲಸೆ ಕುಟುಂಬಗಳ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೂರನೇ ತಲೆಮಾರಿನ ಹೊತ್ತಿಗೆ ಮನೆಯೊಳಗೂ ಬಹುಪಾಲು ಇಂಗ್ಲಿಷೇ. ಮಕ್ಕಳು ಊರಿನ ಭಾಷೆ ಕಲಿಯುವರೋ ಇಲ್ಲವೋ ಎಂಬ ಚಿಂತೆಗಿಂತ ಮನೆಯ ಭಾಷೆ ಉಳಿಸಿಕೊಳ್ಳುವುದೇ ಅಲ್ಲಿ ಕಷ್ಟವಾಗಿದೆ. ತಾಂಡಾದಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಎರಡನ್ನೂ ಆಡುತ್ತ ಬೆಳೆದವರು ವಿಜಯಪುರಕ್ಕೆ ಹೊಸಬರಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ.

ಹಾಗಾದರೆ ಬಂದವರಿಂದ ಕನ್ನಡ ನಿರೀಕ್ಷಿಸುವುದು ಸರಿಯೆ? ಸರಿ. ಜನರ ಸೇವೆಗೆಂದು ಸಂಬಳ ಪಡೆಯುವವರಿಂದ ಅದನ್ನು ಕಡ್ಡಾಯವಾಗಿ ಕೇಳಬೇಕು. ಇಲ್ಲೇ ನೆಲೆನಿಂತು ವ್ಯಾಪಾರ ಮಾಡುವವರಿಂದ ಹಕ್ಕಿನಿಂದ ಕೇಳಬಹುದು. ಆರು ತಿಂಗಳಿಗೆ ಬಂದುಹೋಗುವ ಕೂಲಿಯವರಿಗೆ ಪ್ರೀತಿಯಿಂದ ಕಲಿಸಬೇಕು. ಮಹಾನಗರ ಪಾಲಿಕೆ, ಗುತ್ತಿಗೆದಾರರು, ಕನ್ನಡ ಸಂಘಟನೆಗಳು ಕೂಡಿ ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಸಂಜೆಯ ಉಚಿತ ಕನ್ನಡ ತರಗತಿ ನಡೆಸಲಿ. ಓದುಗರೂ ಒಂದು ಕೆಲಸ ಮಾಡಬಹುದು: ಹೊಸಬರು ತಡವರಿಸುತ್ತ ಕನ್ನಡದಲ್ಲಿ ಮಾತು ಶುರುಮಾಡಿದಾಗ ಹಿಂದಿಗೆ ಹೊರಳದೆ, ನಗದೆ, ಕನ್ನಡದಲ್ಲೇ ಉತ್ತರ ಕೊಡಿ.