ಕೋಳಿಯ ಕರುಳುಬೇನೆ: ರೋಗಾಣು ಮೊದಲೇ ಒಳಗಿತ್ತು

ಮೂರು ವಾರದ ಬ್ರಾಯ್ಲರ್ ಮರಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಶೆಡ್ಡಿನಲ್ಲಿ ಮೊದಲು ಕೇಳಿಬರುವುದು 'ಎಲ್ಲಿಂದಲೋ ಬ್ಯಾಕ್ಟೀರಿಯಾ ಬಂತು' ಎಂಬ ಮಾತು, ಅದರ ಬೆನ್ನಿಗೇ 'ನೀರಿಗೆ ಆಂಟಿಬಯೋಟಿಕ್ ಹಾಕಿ' ಎಂಬ ಸಲಹೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಸಣ್ಣಕರುಳು ಗಾಳಿ ತುಂಬಿ ಉಬ್ಬಿರುತ್ತದೆ, ಮುಟ್ಟಿದರೆ ಹರಿಯುತ್ತದೆ. ಒಳಗೋಡೆಯ ಮೇಲೆ ಒರಟು ಟವೆಲ್ಲಿನಂಥ ಕಂದುಹಳದಿ ಪದರ, ತಡೆಯಲಾರದ ದುರ್ವಾಸನೆ. ಇದು ನೆಕ್ರೋಟಿಕ್ ಎಂಟರೈಟಿಸ್. ಇದನ್ನು ತರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮಾತ್ರ ಎಲ್ಲಿಂದಲೋ ಬಂದದ್ದಲ್ಲ. ಚೆನ್ನಾಗಿರುವ ಕೋಳಿಯ ಕರುಳಿನಲ್ಲೂ ಅದು ಇರುತ್ತದೆ, ಲಿಟ್ಟರಿನಲ್ಲಿ, ಅಂದರೆ ಶೆಡ್ಡಿನ ನೆಲಹಾಸಿನಲ್ಲಿ, ಬೀಜಕವಾಗಿ ಬಹುಕಾಲ ಬದುಕುತ್ತದೆ. ಪ್ರಯೋಗಾಲಯದಲ್ಲಿ ಗಟ್ಟಿಮುಟ್ಟಾದ ಮರಿಗಳಿಗೆ ಬರೀ ಈ ರೋಗಾಣುವನ್ನು ಕುಡಿಸಿದರೆ ಎಷ್ಟೋ ಸಲ ರೋಗವೇ ಬರುವುದಿಲ್ಲ. ಅದಕ್ಕೇ ಸಂಶೋಧಕರು ಮೊದಲು ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯನ್ನು ಕೊಟ್ಟೋ ಆಹಾರದಲ್ಲಿ ಮೀನುಪುಡಿ ಹೆಚ್ಚಿಸಿಯೋ ಮರಿಗಳ ಕರುಳನ್ನು ಕೆಡಿಸುತ್ತಾರೆ.

ರೋಗದ ಗುಟ್ಟು ಇರುವುದೇ ಈ 'ಮೊದಲು' ಎಂಬಲ್ಲಿ. ಕ್ಲಾಸ್ಟ್ರಿಡಿಯಂ ತನಗೆ ಬೇಕಾದ ಹಲವು ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಕಾಕ್ಸಿಡಿಯಾ ಕರುಳಿನ ಒಳಪೊರೆಯನ್ನು ಗಾಯಗೊಳಿಸಿದಾಗ ರಕ್ತದ ಪ್ರೋಟೀನು ಒಸರಿ ಅದಕ್ಕೆ ಔತಣವಾಗುತ್ತದೆ. ಮೆಕ್ಕೆಜೋಳದ ಬದಲು ಗೋಧಿಯನ್ನೋ ಬಾರ್ಲಿಯನ್ನೋ ಹೆಚ್ಚಾಗಿ ಬೆರೆಸಿದರೆ ಅವುಗಳ ನಾರು ಕರುಳಿನಲ್ಲಿ ಅಂಟಂಟಾಗಿ ಮೇವು ಮುಂದೆ ಸಾಗುವುದೇ ನಿಧಾನವಾಗುತ್ತದೆ. ಇನ್ನು ಸೋರುವ ನೀರಿನ ನಿಪ್ಪಲ್ ಒಂದಿದ್ದರೆ ಸಾಕು: ಅದರ ಕೆಳಗಿನ ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿಕಟ್ಟುತ್ತದೆ, ಕಾಕ್ಸಿಡಿಯಾ ಮೊಟ್ಟೆಗಳು ಬಲಿಯಲು ಬೇಕಾದ ತೇವ ಅಲ್ಲೇ ಸಿಗುತ್ತದೆ.

ಹಾಗಾದರೆ ರೋಗಾಣುವಿನದೇನೂ ತಪ್ಪಿಲ್ಲವೇ ಎಂದು ಕೇಳಬಹುದು. ಇದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೆಟ್‌ಬಿ ಎಂಬ ಅದರ ವಿಷವನ್ನು ಗುರುತಿಸಿ, ರೋಗಕ್ಕೆ ಅದೇ ಮುಖ್ಯವೆಂದು ತೋರಿಸಿದರು. ಆದರೆ ನೆಟ್‌ಬಿ ಇರುವ ರೋಗಾಣು ತಳಿಗಳು ಆರೋಗ್ಯವಾಗಿರುವ ಕೋಳಿಗಳಲ್ಲೂ ಸಿಕ್ಕಿವೆ. ಔಷಧಿ ಕೊಟ್ಟರೆ ಸಾವು ನಿಲ್ಲುತ್ತದಲ್ಲ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ನಿಲ್ಲುತ್ತದೆ, ನಿಜ; ರೋಗ ಬಿದ್ದ ಹಿಂಡಿಗೆ ಪಶುವೈದ್ಯರು ಹೇಳಿದಂತೆ ಕೊಡಲೇಬೇಕು. ಆದರೆ ಆ ಔಷಧಿ ಲಿಟ್ಟರಿನ ಬೀಜಕವನ್ನು ಮುಟ್ಟದು, ಸೋರುವ ನಿಪ್ಪಲ್ಲನ್ನಂತೂ ರಿಪೇರಿ ಮಾಡದು. ಬೆಳವಣಿಗೆಗೆಂದು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಷೇಧಿಸಿತು. ಮೊದಮೊದಲು ಈ ಕರುಳುಬೇನೆ ಅಲ್ಲಿ ಚೆನ್ನಾಗಿಯೇ ಕಾಡಿತು. ಮೇವು, ಶೆಡ್ಡು, ನೈರ್ಮಲ್ಯ ಸುಧಾರಿಸಿದ ಮೇಲೆ ಹತೋಟಿಗೆ ಬಂತು. ಕಾಕ್ಸಿಡಿಯಾಕ್ಕೆಂದು ಕೊಡುವ ಅಯನೋಫೋರ್‌ಗಳು ಕ್ಲಾಸ್ಟ್ರಿಡಿಯಂ ಅನ್ನೂ ಅದುಮುತ್ತವೆ ಎಂಬುದನ್ನು ಈ ಹತೋಟಿಯ ಲೆಕ್ಕದಲ್ಲಿ ಮರೆಮಾಚಬಾರದು. 2006ರಿಂದ ಇಡೀ ಐರೋಪ್ಯ ಒಕ್ಕೂಟದಲ್ಲಿ ಬೆಳವಣಿಗೆಯ ಆಂಟಿಬಯೋಟಿಕ್ಕಿಗೆ ನಿಷೇಧವಿದೆ, ಕೋಳಿ ಸಾಕಣೆ ನಿಂತಿಲ್ಲ.

ಕೋಳಿ ಸಾಯದಿದ್ದರೆ ರೋಗವಿಲ್ಲ ಎಂಬುದು ಎಲ್ಲಕ್ಕಿಂತ ದುಬಾರಿ ತಪ್ಪು. ಸಾವೇ ಇಲ್ಲದ ಒಳಬೇನೆಯಲ್ಲಿ ಕರುಳಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಹುಣ್ಣು ಮೇವನ್ನು ಮೈಗೆ ಹತ್ತಗೊಡುವುದಿಲ್ಲ, ತೂಕ ಹಿಂದೆ ಬೀಳುತ್ತದೆ. ಪ್ರತಿ ವಾರ ಮರಿಗಳನ್ನು ತೂಗಿ, ಒಂದೆರಡನ್ನು ಕೊಯ್ದು ಕರುಳು ನೋಡುವ ಫಾರಂಗೆ ಇದು ಬೇಗ ತಿಳಿಯುತ್ತದೆ. ಸತ್ತ ಕೋಳಿಗಳನ್ನಷ್ಟೇ ಎಣಿಸುವ ಫಾರಂಗೆ ಬ್ಯಾಚ್ ಮುಗಿದು ಫೀಡ್ ಲೆಕ್ಕ ಹಾಕುವಾಗ.