ಹುಬ್ಬಳ್ಳಿಯಿಂದ ಮರಳಿದ ಮೇಲೆ

ಬೆನ್ನಿಗೆ ಬಲವಾದ ಪೆಟ್ಟು ಬಿದ್ದರೆ ಗದಗ ಸೀಮೆಯವರು ಹಿಡಿಯುವುದು ಹುಬ್ಬಳ್ಳಿಯ ದಾರಿ. ಗದಗ-ಬೆಟಗೇರಿಯಿಂದ ಅದು ಸುಮಾರು 60 ಕಿ.ಮೀ., ಲಕ್ಷ್ಮೇಶ್ವರದಿಂದ ಸುಮಾರು 50. ಮುಂಡರಗಿಯವರು ಗದಗ ದಾಟಿ ಹೋಗಬೇಕಾದ್ದರಿಂದ ಅವರಿಗೆ ನೂರರ ಹತ್ತಿರವಾಗುತ್ತದೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಈಗ ಅಧಿಕೃತವಾಗಿ ಯಾವ ಹೆಸರಿದ್ದರೂ ಜನರ ಬಾಯಲ್ಲಿ ಅದು ‘ಕಿಮ್ಸ್’. ಉತ್ತರ ಕರ್ನಾಟಕದ ಬಡವರಿಗೆ ದೊಡ್ಡ ಕಾಯಿಲೆ ಬಂದಾಗ ನೆನಪಾಗುವ ಮೊದಲ ಹೆಸರೂ ಅದೇ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಡಿ ಅಲ್ಲಿ ಸೂಪರ್ ಸ್ಪೆಷಾಲಿಟಿ ಕಟ್ಟಡ ಎದ್ದಿದೆ. ಧಾರವಾಡದ ದಾರಿಯ ಸತ್ತೂರಿನಲ್ಲಿ ಎಸ್.ಡಿ.ಎಂ. ಆಸ್ಪತ್ರೆಯಿದೆ. ಮುರಿದ ಬೆನ್ನುಮೂಳೆಗೆ ಸ್ಕ್ರೂ, ರಾಡು ಹಾಕಿ ನಿಲ್ಲಿಸುವ ಕೆಲಸಕ್ಕೆ ಹೋಗಬೇಕಾದ ಜಾಗಗಳು ಇಂಥವೇ. ಅದರ ಬಗ್ಗೆ ತಕರಾರಿಲ್ಲ. ಆದರೆ ಹೊಲಿಗೆ ಬಿಚ್ಚಿದ ಮೇಲೆ ಆ ರೋಗಿ ಎಲ್ಲಿಗೆ ಬರುತ್ತಾನೆ, ಅವನಿಗಾಗಿ ಅಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಬೆನ್ನಿನ ಕಾಯಿಲೆಗೆ ಬೇಕಾದ ವಿಶೇಷ ಆರೈಕೆಯ ದೊಡ್ಡ ಭಾಗ ಆಪರೇಷನ್ ಕೋಣೆಯ ಹೊರಗೇ ನಡೆಯಬೇಕಾದದ್ದು. ಆ ಭಾಗ ರೋಗಿಯ ಊರಿಗೆ ಹತ್ತಿರ ಇರಬೇಕು. ಗದಗ ಜಿಲ್ಲೆಗೆ ಅದು ಆಗಬಹುದಾದ ಕೆಲಸ ಎಂಬುದೇ ಈ ಲೇಖನದ ವಾದ.

ಬೆನ್ನುಹುರಿ ಎಂದರೆ ಕಿರುಬೆರಳಿನ ದಪ್ಪದ, ಒಂದೂವರೆ ಅಡಿಯಷ್ಟು ಉದ್ದದ ನರಗಳ ಕಟ್ಟು. ಅದರಿಂದ 31 ಜೊತೆ ನರಗಳು ಕವಲೊಡೆದು ಮೈಯೆಲ್ಲ ಹರಡುತ್ತವೆ. ಸುತ್ತಲಿನ ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಒಳಗಿನ ಹುರಿ ಜಜ್ಜಿಹೋದರೆ ಮತ್ತೆ ಚಿಗುರುವುದಿಲ್ಲ. ಶಸ್ತ್ರಚಿಕಿತ್ಸಕರು ಮೂಳೆಯ ಚೂರು ತೆಗೆದು ಹುರಿಯ ಮೇಲಿನ ಒತ್ತಡ ಇಳಿಸುತ್ತಾರೆ, ಕುಸಿದ ಬೆನ್ನುಕಂಬವನ್ನು ನಿಲ್ಲಿಸುತ್ತಾರೆ, ಉಳಿದಿರುವುದು ಇನ್ನಷ್ಟು ಹಾಳಾಗದಂತೆ ಕಾಯುತ್ತಾರೆ. ‘ಆಪರೇಷನ್ ಆದ ಮ್ಯಾಲೆ ನಡೀತಾರೇನ್ರಿ?’ ಎಂದು ಮನೆಯವರು ಕೇಳುತ್ತಾರೆ. ಹುರಿ ಪೂರ್ತಿ ಕಡಿದುಹೋಗಿದ್ದರೆ ಜಗತ್ತಿನ ಯಾವ ಆಸ್ಪತ್ರೆಯೂ ಇವತ್ತಿಗೆ ಹೌದೆನ್ನಲಾರದು. ಆದರೆ ನಡೆಯಲಾಗದ್ದರಿಂದ ಯಾರೂ ಸಾಯುವುದಿಲ್ಲ. ಸ್ಪರ್ಶವಿಲ್ಲದ ಚರ್ಮ ಒಂದೇ ಮಗ್ಗುಲಲ್ಲಿ ಒತ್ತಿಕೊಂಡು ಹಾಸಿಗೆ ಹುಣ್ಣಾಗುತ್ತದೆ, ಅದು ಎಲುಬಿನವರೆಗೆ ಇಳಿದು ನಂಜಾಗುತ್ತದೆ. ಖಾಲಿಯಾಗದ ಮೂತ್ರಕೋಶದಿಂದ ಸೋಂಕು ಮೇಲಕ್ಕೇರಿ ಮೂತ್ರಪಿಂಡ ಕೆಡುತ್ತದೆ. ಹೆಚ್ಚಾಗಿ ಜೀವ ತೆಗೆಯುವುದು ಈ ಎರಡು, ಮತ್ತು ಎರಡನ್ನೂ ತಡೆಯಬಹುದು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ತೀರಿಕೊಂಡರು. ನಾಜಿಗಳ ಕಾಟದಿಂದ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದಿದ್ದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಇಂಥ ಗಾಯಾಳುಗಳಿಗೆಂದೇ ವಾರ್ಡು ತೆರೆದರು. ಅವರು ಹೊಸ ಶಸ್ತ್ರಚಿಕಿತ್ಸೆ ಕಂಡುಹಿಡಿಯಲಿಲ್ಲ. ಹಗಲಿರುಳು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಮೂತ್ರಕೋಶವನ್ನು ಶುಚಿಯಾಗಿ ಖಾಲಿ ಮಾಡಬೇಕು, ತೋಳಿಗೆ ಬಲ ತುಂಬಬೇಕು, ಕೈಗೊಂದು ಕೆಲಸ ಕೊಡಬೇಕು ಎಂಬ ಶಿಸ್ತನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಸಾಯಲೆಂದು ಬಿಟ್ಟವರು ಬದುಕಿದರು. 1948ರಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಬಿಲ್ಲು ಹಿಡಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಅಂಗಳದಿಂದ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಮುಖ್ಯರು. 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಮೆರಿಕದಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದರು. ವೆಲ್ಲೂರಿನ ಪುನಶ್ಚೇತನ ಸಂಸ್ಥೆ 1966ರಲ್ಲಿ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ನಿಮ್ಹಾನ್ಸ್‌ಗೆ ನರಸಂಬಂಧಿ ಪುನಶ್ಚೇತನದ್ದೇ ವಿಭಾಗವಿದೆ. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಬೆನ್ನುಹುರಿ ಅಪಘಾತಕ್ಕೊಳಗಾದವರನ್ನು ಮತ್ತೆ ದಿನಚರಿಗೆ ಹೊಂದಿಸುವ ಕೆಲಸ ಮಾಡುತ್ತಿದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿ ಸೌತಡ್ಕದಲ್ಲಿರುವ ‘ಸೇವಾಧಾಮ’ವೂ ಅದಕ್ಕೆಂದೇ ಇರುವ ಕೇಂದ್ರ. ಹಳ್ಳಿಗಾಡಿನಲ್ಲೇ ಇಂಥದ್ದನ್ನು ನಡೆಸಬಹುದೆಂಬುದಕ್ಕೆ ಈ ಕೊನೆಯದು ಸಾಕ್ಷಿ. ಅದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ‘ಸ್ಪೆಷಲಿಸ್ಟ್’ ಎಂದೊಡನೆ ಗಾಜಿನ ಕಟ್ಟಡ, ದೊಡ್ಡ ಯಂತ್ರಗಳೇ ಕಣ್ಣಿಗೆ ಬರುತ್ತವೆ.

ಇಂಥ ವಾರ್ಡಿನ ದಿನಚರಿ ನೋಡಿದರೆ ವಿಶೇಷ ಪರಿಣತಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಪ್ರಕಟಿಸಿದ ಸರಳ ವಿಧಾನವೊಂದಿದೆ. ಮೂತ್ರದ ನಳಿಕೆಯನ್ನು ಒಳಗೇ ಬಿಟ್ಟು ಚೀಲ ಕಟ್ಟುವ ಬದಲು, ನಾಲ್ಕಾರು ಗಂಟೆಗೊಮ್ಮೆ ರೋಗಿಯೇ ಕೈ ತೊಳೆದುಕೊಂಡು ಶುಚಿಯಾದ ನಳಿಕೆ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು. ಇದರಿಂದ ಎಷ್ಟೋ ಜನರ ಮೂತ್ರಪಿಂಡ ಉಳಿದಿದೆ. ಆದರೆ ಕಲಿಸುವವರು ಬೇಕು, ನಾಚಿಕೆ ಬಿಡಿಸುವವರು ಬೇಕು, ಕೈ ಪಳಗುವವರೆಗೆ ಪಕ್ಕದಲ್ಲಿ ನಿಲ್ಲುವ ನರ್ಸ್ ಬೇಕು. ಹಾಸಿಗೆಯಿಂದ ಗಾಲಿಕುರ್ಚಿಗೆ ಮೈ ಸರಿಸಿಕೊಳ್ಳುವುದು, ಕುರ್ಚಿಯಲ್ಲಿ ಕುಳಿತಾಗ ಆಗಾಗ ಕೈಯೂರಿ ಮೈ ಎತ್ತಿ ಒತ್ತಡ ಇಳಿಸುವುದು, ಕನ್ನಡಿ ಹಿಡಿದು ಬೆನ್ನ ಕೆಳಗಿನ ಚರ್ಮ ಕೆಂಪಗಾಗಿದೆಯೇ ಎಂದು ದಿನವೂ ನೋಡಿಕೊಳ್ಳುವುದು, ಇವೆಲ್ಲ ವಾರಗಟ್ಟಲೆ ಅಭ್ಯಾಸದಿಂದ ಬರುವಂಥವು. ಎದೆಯ ಭಾಗದ ಆರನೆಯ ಮಣಿ ಅಥವಾ ಅದಕ್ಕಿಂತ ಮೇಲೆ ಹುರಿಗೆ ಏಟಾದವರಿಗೆ ಇನ್ನೊಂದು ಅಪಾಯವಿದೆ. ಮೂತ್ರಕೋಶ ತುಂಬಿಕೊಂಡರೆ ಸಾಕು, ರಕ್ತದೊತ್ತಡ ಒಮ್ಮೆಲೇ ಏರಿ ತಲೆ ಸಿಡಿಯತೊಡಗುತ್ತದೆ, ಪ್ರಾಣಕ್ಕೂ ಕುತ್ತಾಗಬಹುದು. ನಳಿಕೆ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಬೇಕೆಂಬುದನ್ನು ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು ಅರಿತಿದ್ದರೆ ಜೀವ ಉಳಿಯುತ್ತದೆ. ಈ ಅರಿವು ಮುಂಡರಗಿಯಲ್ಲಿ ಇರಬೇಕೇ ಹೊರತು ಹುಬ್ಬಳ್ಳಿಯಲ್ಲಷ್ಟೇ ಇದ್ದರೆ ಸಾಲದು.

ಬೆನ್ನಿನ ಕಾಯಿಲೆಗಳೆಲ್ಲ ಬಿದ್ದು ಆದವಲ್ಲ. ಗದಗ ಜಿಲ್ಲೆಯ ನೆಲವೇ ಒಂದು ಕಾಯಿಲೆಯನ್ನು ಹೊತ್ತಿದೆ. ಮುಂಡರಗಿ ಮತ್ತು ಸುತ್ತಲಿನ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ದಾಖಲಾದ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಪ್ರಮಾಣ, ಬೇರೆ ನೀರು ಇಲ್ಲದಾಗಲೂ 1.5 ಮೀರಬಾರದು. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಬೆನ್ನಿನ ಕಟ್ಟುನಾರುಗಳು ಎಲುಬಿನಂತೆ ಗಟ್ಟಿಯಾಗುತ್ತವೆ. ಕತ್ತು ತಿರುಗದು, ನಡ ಬಗ್ಗದು, ಕೊನೆಗೆ ಹುರಿ ಹಾಯುವ ಕೊಳವೆಯೇ ಕಿರಿದಾಗಿ ಕಾಲುಗಳು ಸೋಲುತ್ತವೆ. ಭಾರತದಲ್ಲಿ ಈ ರೋಗದ ಮೊದಲ ವೈದ್ಯಕೀಯ ವರದಿ 1937ರಲ್ಲಿ ನೆಲ್ಲೂರು ಸೀಮೆಯಿಂದ ಬಂತು. ಕೂಡಿಕೊಂಡ ಎಲುಬನ್ನು ಬಿಡಿಸುವ ಔಷಧಿ ಇಂದಿಗೂ ಇಲ್ಲ. ಆದ್ದರಿಂದ ಗದಗಿನಲ್ಲಿ ಬೆನ್ನಿನ ವೈದ್ಯರ ಮೊದಲ ಪ್ರಶ್ನೆ ‘ಯಾವ ನೀರು ಕುಡಿಯುತ್ತೀರಿ?’ ಎಂದೇ ಇರಬೇಕು. ಹಮ್ಮಿಗಿಯಲ್ಲಿ ತಡೆದು ನಿಲ್ಲಿಸಿದ ತುಂಗಭದ್ರೆಯ ನೀರು ಹಳ್ಳಿಯ ನಲ್ಲಿಗೆ ತಪ್ಪದೆ ಬರುವುದು ಕೂಡ ಬೆನ್ನಿನ ಚಿಕಿತ್ಸೆಯ ಭಾಗವೇ. ಹಾಗೆಯೇ ಬೆನ್ನುಮೂಳೆಯ ಕ್ಷಯ. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ವಿವರಿಸಿದ ಈ ಗೂನುರೋಗದಲ್ಲಿ ಬಹುಪಾಲು ಜನರಿಗೆ ಮಾತ್ರೆಗಳೇ ಸಾಕು, ಶಸ್ತ್ರಚಿಕಿತ್ಸೆ ಆಯ್ದ ಕೆಲವರಿಗೆ ಮಾತ್ರ ಎಂದು 1970ರ ದಶಕದಲ್ಲೇ ವಾರಾಣಸಿಯ ಡಾ. ಎಸ್.ಎಂ. ತುಳಿ ತೋರಿಸಿಕೊಟ್ಟರು. ಅವರ ‘ಮಧ್ಯಮಮಾರ್ಗ’ಕ್ಕೆ ಜಗತ್ತು ತಲೆದೂಗಿತು. ಮಾತ್ರೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಆದರೆ ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ನುಂಗಬೇಕು. ರಾತ್ರಿಯ ಬೆನ್ನುನೋವು, ಸಂಜೆಯ ಜ್ವರ, ಇಳಿಯುವ ತೂಕ ಇವನ್ನು ಯಾರಾದರೂ ಸಕಾಲಕ್ಕೆ ಜೋಡಿಸಿ ನೋಡಬೇಕು.

ಇನ್ನು ಬೆಟಗೇರಿಯ ಮಗ್ಗದವರ ನಡನೋವು, ಎಪಿಎಂಸಿ ಹಮಾಲರ ಬೆನ್ನುನೋವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಅಂಥವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರ ನೋವಿಗೆ ಬೆರಳಿಟ್ಟು ತೋರಿಸುವಂಥ ಒಂದು ಕಾರಣ ಇರುವುದಿಲ್ಲ. ಅವರಿಗೆ ಬೇಕಾದದ್ದು ವ್ಯಾಯಾಮ, ಭಾರ ಎತ್ತುವ ರೀತಿ, ಧೈರ್ಯದ ಮಾತು. ಎಲ್ಲರನ್ನೂ ಎಂಆರ್‌ಐ ಯಂತ್ರಕ್ಕೆ ತೂರಿಸುವುದೂ ತಪ್ಪು, ಎಲ್ಲರಿಗೂ ನೋವಿನ ಮಾತ್ರೆ ಕೊಟ್ಟು ಕಳಿಸುವುದೂ ತಪ್ಪು. ಮೂತ್ರದ ಹಿಡಿತ ತಪ್ಪಿದ, ತೊಡೆಸಂದು ಜೋಮು ಹಿಡಿದ ಒಬ್ಬರನ್ನು ಗುರುತಿಸಿ ಅದೇ ದಿನ ಹುಬ್ಬಳ್ಳಿಗೆ ಕಳಿಸುವ, ಉಳಿದವರನ್ನು ಊರಲ್ಲೇ ನೋಡಿಕೊಳ್ಳುವ ಜಾಣ್ಮೆ ಬೇಕು. ಅದೂ ಪರಿಣತಿಯೇ, ಮತ್ತು ಅದಕ್ಕೆ ಆಪರೇಷನ್ ಕೋಣೆ ಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಹುಬ್ಬಳ್ಳಿ ಒಂದೂವರೆ ಗಂಟೆಯ ದಾರಿ, ಅಲ್ಲಿರುವುದನ್ನು ಗದಗಿನಲ್ಲಿ ಮತ್ತೆ ಕಟ್ಟುವುದು ದುಂದು. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೆಚ್ಚು ರೋಗಿಗಳನ್ನು ನೋಡುವ ಕೈಯೇ ಪಳಗುವುದು. ಜಿಲ್ಲೆಗೊಂದು ಬೆನ್ನಿನ ಆಪರೇಷನ್ ಕೇಂದ್ರ ಮಾಡಿ ವರ್ಷಕ್ಕೆ ಬೆರಳೆಣಿಕೆಯ ಚಿಕಿತ್ಸೆ ನಡೆಸಿದರೆ ಅದು ರೋಗಿಗೇ ಅಪಾಯ. ಆದರೆ ಪುನಶ್ಚೇತನಕ್ಕೆ ಬೇಕಾದದ್ದು ಮೂರು ತಿಂಗಳು, ಒಮ್ಮೊಮ್ಮೆ ಆರು. ಆ ಅವಧಿಯಲ್ಲಿ ದಾರಿಯ ಉದ್ದವನ್ನು ಕಿಲೋಮೀಟರಿನಲ್ಲಿ ಅಳೆಯುವಂತಿಲ್ಲ, ಜೊತೆಗಿರುವವರ ಕಳೆದುಹೋದ ಕೂಲಿಯಲ್ಲಿ ಅಳೆಯಬೇಕು. ಶಿರಹಟ್ಟಿಯ ಕೃಷಿ ಕೂಲಿಯ ಹೆಂಡತಿ ಗಂಡನ ಪಕ್ಕದಲ್ಲಿ ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕೂರಲಾರಳು. ಮನೆಯಲ್ಲಿ ಮಕ್ಕಳಿರುತ್ತಾರೆ, ಎಮ್ಮೆ ಇರುತ್ತದೆ, ಶೇಂಗಾ ಕೀಳುವ ಕಾಲ ಯಾರಿಗೂ ಕಾಯುವುದಿಲ್ಲ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲೂ ಹೊಸ ಅಪಘಾತದವರಿಗೆ ಹಾಸಿಗೆ ತೆರವಾಗಬೇಕು. ಹೀಗೆ ಎರಡೂ ಕಡೆಯ ಅನಿವಾರ್ಯ ಸೇರಿ ರೋಗಿಯನ್ನು ಅರ್ಧ ಚಿಕಿತ್ಸೆಯಲ್ಲೇ ಮನೆಗೆ ತಲುಪಿಸುತ್ತದೆ.

ಮನೆಯವರಷ್ಟು ಚೆನ್ನಾಗಿ ಯಾವ ವಾರ್ಡು ನೋಡಿಕೊಳ್ಳುತ್ತದೆ ಎಂಬುದು ಎರಡನೆಯ ಮಾತು. ಪ್ರೀತಿಯ ಬಗ್ಗೆ ಅದು ನಿಜ. ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಯಾರೂ ಹೇಳದಿದ್ದರೆ ಪ್ರೀತಿ ಹುಣ್ಣನ್ನು ತಡೆಯದು. ಬಿಸಿನೀರಿನ ಶಾಖ ಕೊಟ್ಟರೆ ಸ್ಪರ್ಶವಿಲ್ಲದ ಕಾಲು ಸುಡುತ್ತದೆಂದು ತಾಯಿಗೆ ತಾನಾಗಿ ಹೇಗೆ ಗೊತ್ತಾಗಬೇಕು? ಮನೆಗೆ ಕಳಿಸುವ ಮುಂಚೆ ಮನೆಯವರಿಗೆ ತರಬೇತಿ ಕೊಡುವುದೇ ಇಂಥ ವಾರ್ಡಿನ ಅರ್ಧ ಕೆಲಸ. ಮನೆಯ ಹೊಸ್ತಿಲಿಗೆ ಇಳಿಜಾರು, ಪಾಯಿಖಾನೆಗೆ ಹಿಡಿಕೆ ಇವನ್ನೂ ಅದೇ ಹೊತ್ತಿಗೆ ಯೋಚಿಸಬೇಕಾಗುತ್ತದೆ.

ಹಣದ ಪ್ರಶ್ನೆ ಗಟ್ಟಿಯಾದದ್ದು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಆದರೆ ಇಂಥ ಯೋಜನೆಗಳ ಲೆಕ್ಕಾಚಾರ ಆಪರೇಷನ್ನನ್ನು ಎಣಿಸಿದಷ್ಟು ಸುಲಭವಾಗಿ ಮಗ್ಗುಲು ಬದಲಿಸಿದ ರಾತ್ರಿಗಳನ್ನು ಎಣಿಸುವುದಿಲ್ಲ. ಇದನ್ನು ಬದಲಿಸಿ ಎಂದು ಕೇಳುವ ಹಕ್ಕು ಗದಗಿನವರಿಗೆ ಇದೆ. ದೇಶದ ಕೃಷಿ ಸಹಕಾರಕ್ಕೆ 1905ರಲ್ಲಿ ಬೀಜ ಬಿದ್ದದ್ದು ಇದೇ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಹಕಾರ ಸಂಘದ ರೈತರು ಸಣ್ಣ ಕಂತು ಕಟ್ಟಿ ದೊಡ್ಡ ಶಸ್ತ್ರಚಿಕಿತ್ಸೆ ಪಡೆಯುವ ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾದದ್ದೂ ಆ ಸಹಕಾರದ ಬಲದ ಮೇಲೆಯೇ. ಶಸ್ತ್ರಚಿಕಿತ್ಸೆಗೆ ಕಂತು ಕೂಡಿಸಿದವರು ಅದರ ನಂತರದ ತೊಂಬತ್ತು ದಿನಗಳಿಗೂ ಕೂಡಿಸಬಹುದು. ಖರ್ಚೂ ಆಪರೇಷನ್ ಕೋಣೆಯಂತಲ್ಲ. ಗಾಳಿಹಾಸಿಗೆ, ಸಮಾನಾಂತರ ಕಂಬಿ, ಅಳತೆಗೆ ತಕ್ಕ ಗಾಲಿಕುರ್ಚಿ, ಇಬ್ಬರು ಫಿಸಿಯೋಥೆರಪಿಸ್ಟರು, ತರಬೇತಾದ ನರ್ಸುಗಳು. ಪುನಶ್ಚೇತನದ ತಜ್ಞ ವೈದ್ಯರು ವಿರಳ ಎನ್ನುವುದು ಹೌದು. ಅಂಥವರು ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಂದು ನೋಡಿದರೂ ನಡೆಯುವ ಕೆಲಸವಿದು.

ನೆಲೆಗೂ ಕೊರತೆಯಿಲ್ಲ. ಗದಗಿಗೆ ಈಗ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಜನ ‘ಜಿಮ್ಸ್’ ಎನ್ನುವುದು ಅದಕ್ಕೇ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ‘ಜರ್ಮನ್ ಆಸ್ಪತ್ರೆ’ಯ ಕಾಲದಿಂದಲೂ ಶುಶ್ರೂಷೆಯ ಪರಂಪರೆ ಇಲ್ಲಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ಅಂಗವಿಕಲರಾದ ಇವರಿಗೆ ಪ್ರಮಾಣಪತ್ರ, ಪಿಂಚಣಿ ಅರ್ಜಿಗಳ ಜೊತೆಗೆ ಹುಣ್ಣು ಗುರುತಿಸುವ, ನಳಿಕೆಯ ಶುಚಿ ನೋಡುವ ತರಬೇತಿ ಕೊಟ್ಟರೆ ವಾರ್ಡಿನ ಕೈ ಪ್ರತಿ ಹಳ್ಳಿಗೂ ಚಾಚುತ್ತದೆ. ಪುನಶ್ಚೇತನವೆಂಬ ಪದ ಚಾಲ್ತಿಗೆ ಬರುವ ಮೊದಲೇ ಈ ಊರು ಅದನ್ನು ಮಾಡಿ ತೋರಿಸಿದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ಮಕ್ಕಳಿಗೆ ಕಣ್ಣು ಕೊಡಲಿಲ್ಲ, ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ದುಡಿದು ಉಣ್ಣುವ ದಾರಿ ಕೊಟ್ಟಿತು. ಕಾಲು ಸೋತವರ ವಿಷಯದಲ್ಲೂ ಈ ಊರಿಗೆ ಅದೇ ದೊಡ್ಡತನ ಸಾಧ್ಯ.

ಜಿಲ್ಲಾ ಆಡಳಿತಕ್ಕೂ ವೈದ್ಯಕೀಯ ಕಾಲೇಜಿಗೂ ಕೇಳುವುದಿಷ್ಟೆ: ಮೊದಲು ಹತ್ತು ಹಾಸಿಗೆಯ ಒಂದು ವಾರ್ಡು ತೆರೆಯಿರಿ, ಹುಬ್ಬಳ್ಳಿಯಿಂದ ಬಿಡುಗಡೆಯಾಗುವ ಗದಗ ಜಿಲ್ಲೆಯ ಪ್ರತಿ ಬೆನ್ನುಹುರಿ ರೋಗಿಯ ಚೀಟಿ ಆ ವಾರ್ಡಿಗೆ ನೇರ ತಲುಪುವಂತೆ ಮಾಡಿ. ಓದುಗರಿಗೂ ಒಂದು ಮಾತು. ಹುಣಸೆಮರದಿಂದಲೋ ಟ್ರ್ಯಾಕ್ಟರಿನಿಂದಲೋ ಬಿದ್ದವರನ್ನು ರಟ್ಟೆ ಹಿಡಿದು ಎಬ್ಬಿಸಬೇಡಿ, ನೀರು ಕುಡಿಸಲು ಕೂರಿಸಬೇಡಿ, ಬೈಕಿನ ನಡುವೆ ಕೂರಿಸಿ ಒಯ್ಯಬೇಡಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ಮಲಗಿಸಿಯೇ ಇಟ್ಟು 108ಕ್ಕೆ ಕರೆ ಮಾಡಿ. ಸರಿಸಲೇಬೇಕಾದರೆ ನಾಲ್ಕು ಜನ ಸೇರಿ ಮರದ ಕಟ್ಟಿಗೆಯಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ತನ್ನಿ.